ಬಸಿರಿಗೂ ಒಂದು ಸರದಿ

ಈ ಸಮಾರಂಭದ ಅಧ್ಯಕ್ಷರೂ ನಮ್ಮ ಆಸ್ಪತ್ರೆಯ ನಿರ್ದೇಶಕರೂ ಆದ ಡಾಕ್ಟರ್ ಪ್ಯೋ ಅವರೇ, ನರ್ಸಿಂಗ್ ವಿಭಾಗದ ಮುಖ್ಯಸ್ಥೆ ಶ್ರೀಮತಿ ಹಾಮ್ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಕುಳಿತು ಆಗಲೇ ಗಡಿಯಾರ ನೋಡಿಕೊಳ್ಳುತ್ತಿರುವ ತಜ್ಞ ವೈದ್ಯರೇ, ಹಿಂದಿನ ಸಾಲುಗಳಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆ ಕಲಿತಿರುವ ನನ್ನ ನರ್ಸ್ ಹುಡುಗಿಯರೇ, ಸಭಿಕರೇ,

ನನ್ನ ಹೆಸರು ಬ್ಯೋನ್ ಓಕ್‌ಹೀ. ಏಳನೆಯ ಮಹಡಿಯ ವಾರ್ಡಿನ ಮುಖ್ಯ ನರ್ಸ್. ಇವತ್ತು ಸಂಜೆಯ ತನಕ ಹೌದು, ಆಮೇಲೆ ಅಲ್ಲ. ನನ್ನ ನಿವೃತ್ತಿಯ ನಿಮಿತ್ತ ಇಷ್ಟು ದೊಡ್ಡ ಸಭಾಂಗಣದಲ್ಲಿ ಇಷ್ಟೊಂದು ಹೂವು ಇಟ್ಟು ಸನ್ಮಾನ ಮಾಡಿದ್ದೀರಿ. ಗಾಜಿನ ಫಲಕ ಕೊಟ್ಟಿದ್ದೀರಿ. ಕೆಂಪು ಜಿನ್ಸೆಂಗ್ ಬೇರಿನ ಸಾರ ಇರುವ ಪೆಟ್ಟಿಗೆ ಕೊಟ್ಟಿದ್ದೀರಿ. ದಿನಕ್ಕೊಂದು ಚಮಚ ತಿಂದರೆ ಮುದುಕಿಯ ಮೈಗೂ ಬಲ ಬರುತ್ತದಂತೆ. ಬಲ ಬೇಕಾಗಿದ್ದದ್ದು ಕೆಲಸ ಮಾಡುವಾಗ, ಮನೆಯಲ್ಲಿ ಕೂತು ಟೀವಿ ನೋಡುವುದಕ್ಕೆ ಇಷ್ಟು ಬಲ ಯಾಕೆ ಎಂದು ಕೇಳಿದರೆ ಒಳ್ಳೆಯದಾಗಿ ಕಾಣುವುದಿಲ್ಲ. ಆದ್ದರಿಂದ ಕೇಳುವುದಿಲ್ಲ. ಕೊಟ್ಟದ್ದಕ್ಕೆ ಹೃತ್ಪೂರ್ವಕ ವಂದನೆಗಳು.

ನಮ್ಮ ಪ್ರಚಾರ ವಿಭಾಗದವರು ನನಗೆ ಕಷ್ಟವಾಗಬಾರದೆಂದು ಭಾಷಣವನ್ನೂ ಬರೆದುಕೊಟ್ಟಿದ್ದಾರೆ. ಚೆನ್ನಾಗಿಯೇ ಬರೆದಿದ್ದಾರೆ. ನನಗೇ ಗೊತ್ತಿಲ್ಲದ ನನ್ನ ಸದ್ಗುಣಗಳು ಅದರಲ್ಲಿವೆ. ಅದನ್ನೇ ಓದಿ ಕೆಳಗಿಳಿಯಬೇಕೆಂದು ಬೆಳಗ್ಗೆ ಕನ್ನಡಕವನ್ನೂ ಒರೆಸಿಕೊಂಡು ಬಂದಿದ್ದೆ. ಆದರೆ ನನಗಿಂತ ಮುಂಚೆ ಮಾತನಾಡಿದ ನಿರ್ದೇಶಕರು ಒಂದು ಮಾತು ಹೇಳಿಬಿಟ್ಟರು. ಆ ಮಾತು ಕೇಳಿದ ಮೇಲೆ ಈ ಕಾಗದ ಓದಲು ನನಗೆ ಬಾಯಿ ಬರುತ್ತಿಲ್ಲ.

ಏನು ಹೇಳಿದರು ಅವರು? "ಈ ಮಹಾನಗರದಲ್ಲಿ ನರ್ಸುಗಳಿಗೆ ಇಂಥ ಒಳ್ಳೆಯ ಕಾಲ ಹಿಂದೆಂದೂ ಬಂದಿರಲಿಲ್ಲ. ನಮ್ಮ ಆಸ್ಪತ್ರೆಯ ಬಾಗಿಲಲ್ಲಿ ಯುವತಿಯರು ಸಾಲುಗಟ್ಟಿ ನಿಂತಿದ್ದಾರೆ." ಹೀಗೆ ಹೇಳಿದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ಅಭ್ಯಾಸಬಲದಿಂದ ತಟ್ಟಿದೆ.

ಸಾಲುಗಟ್ಟಿ ನಿಂತಿದ್ದಾರೆ, ನಿಜ. ಎಲ್ಲಿ ನಿಂತಿದ್ದಾರೆ ಎಂಬುದನ್ನು ನಿರ್ದೇಶಕರು ನೋಡಿದ್ದಾರೆಯೇ? ಹೇಗೆ ನೋಡಿಯಾರು? ಅವರ ಕಾರು ಮನೆಯ ನೆಲಮಾಳಿಗೆಯಲ್ಲಿ ಹೊರಟು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಿಲ್ಲುತ್ತದೆ. ನಾನು ಸುರಂಗ ರೈಲಿನಿಂದ ಇಳಿದು, ಮೆಟ್ಟಿಲು ಹತ್ತಿ, ರಸ್ತೆ ದಾಟಿ ಬರುವವಳು. ನನಗೆ ಕಾಣಿಸುತ್ತದೆ.

ನಮ್ಮ ಮುಖ್ಯ ದ್ವಾರದ ಎದುರಿಗೆ, ರಸ್ತೆಯ ಆಚೆ, ಹಗಲೂ ರಾತ್ರಿ ತೆರೆದಿರುವ ಒಂದು ಅಂಗಡಿಯಿದೆ. ನಿಮ್ಮಲ್ಲಿ ಅರ್ಧ ಜನ ಅಲ್ಲಿ ಡಬ್ಬಿ ನೂಡಲ್ಸ್‌ಗೆ ಬಿಸಿನೀರು ಹಾಕಿಕೊಂಡು ನಿಂತೇ ಊಟ ಮುಗಿಸಿದವರು. ಅಲ್ಲಿ ಹಸಿರು ಮೇಲಂಗಿ ತೊಟ್ಟು ಗಲ್ಲಾದ ಹಿಂದೆ ನಿಲ್ಲುವ ಹುಡುಗಿಯ ಹೆಸರು ಬೋರಮ್. ದಕ್ಷಿಣದ ಹೆನಾಮ್ ಕಡೆಯವಳು, ಗೆಣಸು ಬೆಳೆಯುವವರ ಮಗಳು. ನರ್ಸಿಂಗ್ ಓದಿ, ಸರ್ಕಾರದ ಪರೀಕ್ಷೆ ಪಾಸು ಮಾಡಿ, ಹೋದ ವರ್ಷದ ಹಿಂದಿನ ವರ್ಷ ನಮ್ಮದೇ ಆಸ್ಪತ್ರೆಯ ಸಂದರ್ಶನದಲ್ಲಿ ಗೆದ್ದವಳು. ಗೆದ್ದಾಗ ಅವಳ ಹಳ್ಳಿಯ ಬಸ್ ನಿಲ್ದಾಣದಲ್ಲಿ ಬ್ಯಾನರ್ ಕಟ್ಟಿದ್ದರಂತೆ: ನಮ್ಮೂರ ಹೆಮ್ಮೆಯ ಮಗಳು ಸಿಯೋಲ್ ದೊಡ್ಡಾಸ್ಪತ್ರೆಗೆ ಆಯ್ಕೆ. ಆ ಬ್ಯಾನರಿನ ಬಣ್ಣ ಬಿಸಿಲಿಗೆ ಹೋಗಿ, ಈಗ ಅದನ್ನು ಯಾರೋ ಗೆಣಸಿನ ರಾಶಿಗೆ ಹೊದಿಸಿದ್ದಾರಂತೆ. ಆಯ್ಕೆಯಾದ ಹುಡುಗಿ ಮಾತ್ರ ಇನ್ನೂ ನಮ್ಮ ಬಾಗಿಲು ದಾಟಿಲ್ಲ.

ಸಭಿಕರೇ, ದಯವಿಟ್ಟು ಗಮನಿಸಬೇಕು. ಅವಳು ಕೆಲಸ ಸಿಗದವಳಲ್ಲ. ಕೆಲಸ ಸಿಕ್ಕವಳು. ಸಿಕ್ಕ ಕೆಲಸಕ್ಕೆ ಕಾಯುತ್ತಿರುವವಳು. ನಾವು ಪ್ರತಿ ವರ್ಷ ನೂರಾರು ಹುಡುಗಿಯರನ್ನು ಒಮ್ಮೆಗೇ ಆರಿಸಿಕೊಳ್ಳುತ್ತೇವೆ. ಆರಿಸಿಕೊಂಡು, "ಫೋನ್ ಮಾಡ್ತೀವಿ, ಕಾಯ್ತಾ ಇರಿ" ಎನ್ನುತ್ತೇವೆ. ಒಳಗಿನವಳೊಬ್ಬಳು ಸುಸ್ತಾಗಿ ಬಿಟ್ಟುಹೋದಾಗ ಹೊರಗಿನವಳೊಬ್ಬಳನ್ನು ಕರೆಯುತ್ತೇವೆ. ಸಂತೆಯ ಸೊಪ್ಪನ್ನೆಲ್ಲ ಒಬ್ಬಳೇ ಕೊಂಡು ಅಂಗಳದಲ್ಲಿ ಒಣಗಲು ಬಿಟ್ಟು, ಬೇಕೆನಿಸಿದಾಗ ಒಂದೊಂದೇ ಕಂತೆ ಎತ್ತಿಕೊಳ್ಳುವ ಹೆಂಗಸನ್ನು ಊರಿನವರು ಏನೆಂದು ಕರೆಯುತ್ತಾರೆ? ಜಾಣೆ ಎನ್ನುತ್ತಾರೆಯೇ?

ಬೇರೆ ಕಡೆ ಕೆಲಸ ಮಾಡಬಹುದಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ನದಿಯ ಉತ್ತರಕ್ಕಿರುವ ಸಣ್ಣ ಆಸ್ಪತ್ರೆಯೊಂದಕ್ಕೆ ಅವಳು ಹೋಗಿದ್ದಳಂತೆ. ಅಲ್ಲಿನ ಹಿರಿಯ ನರ್ಸ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಲ್ಲಿಂದ ಫೋನ್ ಬಂದ್ರೆ ಓಡಿಹೋಗ್ತೀಯ ಅಲ್ವೇನಮ್ಮ?" ಎಂದರಂತೆ. ಇವಳು "ಹೂಂ ಮೇಡಂ, ಓಡಿಹೋಗ್ತೀನಿ" ಎಂದಳಂತೆ. ಸುಳ್ಳು ಹೇಳಲು ಬಾರದ ಹುಡುಗಿ. ಅವರೂ ಏನು ಮಾಡುತ್ತಾರೆ? ಕೆಲಸ ಕಲಿಸಿ ಕಣ್ಣು ಬಿಡಿಸುವ ಹೊತ್ತಿಗೆ ನಾವು ಹಾರಿಸಿಕೊಂಡು ಬರುತ್ತೇವೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಈ ಊರಿನಲ್ಲಿ ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಯಾವ ಹುಡುಗ ಹುಡುಗಿಯೂ ಎತ್ತುವುದಿಲ್ಲ. ಸಾಲ ಬೇಕೇ ಎನ್ನುವವರು, ಮೋಸ ಮಾಡುವವರು, ಫ್ಲ್ಯಾಟ್ ಮಾರುವವರು. ಎತ್ತುವವರು ಕಾಯುವ ನರ್ಸುಗಳು ಮಾತ್ರ. ಒಮ್ಮೆ ನಾನು ಅನ್ನ ತುಂಬಿದ ತ್ರಿಕೋನದ ಗಿಂಬಾಪ್ ಕೊಳ್ಳುತ್ತಿದ್ದಾಗ ಬೋರಮ್‌ಗೆ ಫೋನ್ ಬಂತು. ಅವಳು ಮೇಲಂಗಿ ಸರಿಮಾಡಿಕೊಂಡು, ನೆಟ್ಟಗೆ ನಿಂತು, ಎರಡೂ ಕೈಯಲ್ಲಿ ಫೋನ್ ಹಿಡಿದು, "ನಮಸ್ಕಾರ, ನಾನು ಬೋರಮ್ ಮಾತಾಡ್ತಿರೋದು" ಎಂದಳು. ಅತ್ತ ಕಡೆಯವರು ವಿಮೆಯವರು. ಇವಳು ಕೊನೆಯ ತನಕ ಕೇಳಿಸಿಕೊಂಡು, ಬಗ್ಗಿ ನಮಸ್ಕಾರ ಮಾಡಿ ಇಟ್ಟಳು.

"ಮಧ್ಯದಲ್ಲೇ ಇಟ್ಬಿಡಬಾರದೇನೇ?" ಎಂದೆ.

"ಮಾತಾಡ್ತಾ ಮಾತಾಡ್ತಾ ಆಸ್ಪತ್ರೆಯೋರು ಅಂತ ಗೊತ್ತಾಗಿಬಿಟ್ರೆ ಮೇಡಂ? ಇವಳಿಗೆ ಕೊಬ್ಬು ಅಂತ ಮುಂದಿನವರಿಗೆ ಮಾಡ್ಬಿಟ್ರೆ?" ಎಂದಳು.

ನಿರ್ದೇಶಕರೇ, ಇದು ನಿಮ್ಮ ಸಾಲು. ಅದು ನಿಂತಿರುವುದು ಹೀಗೆ.

ಈಗ ರಸ್ತೆ ದಾಟಿ ಒಳಗೆ ಬರೋಣ. ಏಳನೆಯ ಮಹಡಿಗೆ ಬರೋಣ. ಹೊರಗೆ ಕೈ ಕಟ್ಟಿಕೊಂಡು ನಿಂತವರು ಅಷ್ಟೊಂದು ಜನ ಇದ್ದ ಮೇಲೆ ಒಳಗೆ ಕೈಗಳು ತುಂಬಿ ತುಳುಕುತ್ತಿರಬೇಕಲ್ಲವೇ? ಒಳಗೆ ಕೈಯೇ ಇಲ್ಲ. ಬಚ್ಚಲಿಗೆ ಹೋಗಲು ಪುರುಸೊತ್ತಿಲ್ಲವೆಂದು ನೀರು ಕುಡಿಯುವುದನ್ನೇ ಬಿಟ್ಟ ಹುಡುಗಿಯರು ನನ್ನ ವಾರ್ಡಿನಲ್ಲಿದ್ದಾರೆ. ಮಂಡಿ ಆಪರೇಷನ್ ಆದ ಒಬ್ಬ ಅಜ್ಜಿ ನಮ್ಮ ಹುಡುಗಿಯೊಬ್ಬಳ ಮುಖ ನೋಡಿ, "ಏ ಹುಡುಗಿ, ನೀನ್ ಇಲ್ಲಿ ಮಲಗ್ಕೋ, ಬಾಟ್ಲಿ ನಾನೇ ಬದಲಾಯಿಸ್ಕೋತೀನಿ. ಹೇಗೆ ಅಂತ ತೋರಿಸ್ಬಿಡು" ಎಂದರು. ನಾವೆಲ್ಲ ನಕ್ಕೆವು. ನಗುವ ಮಾತೇ ಅದು? ಹೊರರೋಗಿಗಳ ಅಂಗಳದಲ್ಲಿ ಪಿಯಾನೋ ಇಟ್ಟಿದ್ದೀರಿ, ತಾನಾಗಿಯೇ ನುಡಿಯುವಂಥದ್ದು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಶ್ರೀಮತಿ ಹಾಮ್ ಅವರು ನನ್ನ ಕಡೆ ನೋಡಿ ನೀರಿನ ಲೋಟ ಮುಂದೆ ಸರಿಸುತ್ತಿದ್ದಾರೆ. ಕುಡಿಯುತ್ತೇನೆ. ಕುಡಿದ ಮೇಲೂ ಮಾತನಾಡುತ್ತೇನೆ.

ಕೈಗೆ ಬರವಿರುವ ಕಡೆ ಬಸಿರಿಗೂ ಬರ ಇರುತ್ತದೆ. ನೀವು ಹೊರಗಿನ ಅತಿಥಿಗಳು ಹುಬ್ಬೇರಿಸುತ್ತಿದ್ದೀರಿ. ನರ್ಸುಗಳು ಯಾರೂ ಹುಬ್ಬೇರಿಸುತ್ತಿಲ್ಲ, ನೋಡಿ. ಅವರಿಗೆ ಗೊತ್ತು. ಒಬ್ಬ ನರ್ಸ್ ಹೆರಿಗೆ ರಜೆಗೆ ಹೋದರೆ ಅವಳ ಜಾಗ ಖಾಲಿಯಾದಂತೆ ಅಲ್ಲ. ಹೆಸರು ಇದೆ, ಹುದ್ದೆ ಇದೆ, ಆಳಿಲ್ಲ. ಖಾಲಿಯಲ್ಲದ ಜಾಗಕ್ಕೆ ಯಾರನ್ನೂ ಕರೆಯುವಂತಿಲ್ಲ ಎಂದು ಕಚೇರಿಯ ನಿಯಮ. ಅವಳ ಪಾಳಿಗಳನ್ನು ಉಳಿದವರು ಹಂಚಿಕೊಂಡು ಹೊರಬೇಕು. ಒಬ್ಬಳದಾದರೆ ಹೇಗೋ ಹೊರಬಹುದು. ಇಬ್ಬರು ಒಟ್ಟಿಗೆ ಹೋದರೆ ವಾರ್ಡ್ ಮಗುಚಿಕೊಳ್ಳುತ್ತದೆ. ಅದಕ್ಕೇ ನಮ್ಮ ವಾರ್ಡುಗಳಲ್ಲಿ ಬಸಿರಾಗುವುದಕ್ಕೂ ಸರದಿ ಇದೆ. ವರ್ಷಕ್ಕೆ ಒಬ್ಬಳು. ಯಾವ ಗೋಡೆಯ ಮೇಲೂ ಬರೆದಿಲ್ಲ, ಯಾವ ಸುತ್ತೋಲೆಯಲ್ಲೂ ಇಲ್ಲ. ಆದರೆ ಇದೆ.

ಸರದಿ ಗೊತ್ತುಮಾಡುವುದು ಹೇಗೆ? ವರ್ಷದ ಕೊನೆಯ ಊಟಕ್ಕೆ ವಾರ್ಡಿನವರೆಲ್ಲ ಹಂದಿಮಾಂಸ ಸುಡುವ ಹೋಟೆಲಿಗೆ ಹೋಗುತ್ತೇವೆ. ಒಲೆಯ ಮೇಲೆ ಮಾಂಸ ಚುರುಗುಟ್ಟುತ್ತಿರುವಾಗ ಮುಖ್ಯ ನರ್ಸ್ ಒಂದು ಕಾಗದ ತೆಗೆದು ಏಣಿ ಬರೆಯುತ್ತಾಳೆ. ಶಾಲೆಯಲ್ಲಿದ್ದಾಗ ಯಾರು ಐಸ್‌ಕ್ರೀಮ್ ಕೊಡಿಸಬೇಕು ಎಂದು ನಾವೆಲ್ಲ ಆಡಿದ ಅದೇ ಏಣಿ ಆಟ. ಮದುವೆಯಾದವರು ಎಷ್ಟು ಜನರೋ ಅಷ್ಟು ಉದ್ದ ಗೆರೆ, ನಡುವೆ ಅಲ್ಲಲ್ಲಿ ಅಡ್ಡ ಗೆರೆ, ಕೆಳಗೆ ಮಡಿಸಿ ಮುಚ್ಚಿದ ಅಂಕಿ. ಒಬ್ಬೊಬ್ಬಳೂ ಮೇಲೊಂದು ಗೆರೆ ಆರಿಸಿ, ಬೆರಳಿಟ್ಟು ಇಳಿಯುತ್ತ, ಅಡ್ಡ ಗೆರೆ ಸಿಕ್ಕಲ್ಲಿ ತಿರುಗುತ್ತ ಕೆಳಗೆ ಬರಬೇಕು. ಒಂದು ಬಂದವಳು ಮುಂದಿನ ವರ್ಷ ಬಸಿರಾಗಬಹುದು. ಐದು ಬಂದವಳು ಗಂಡನಿಗೂ ಅತ್ತೆಗೂ ಏನು ಹೇಳಬೇಕೆಂದು ಯೋಚಿಸುತ್ತ ಮಾಂಸ ಮಗುಚಿಹಾಕಬೇಕು.

ನನ್ನ ವಾರ್ಡಿನ ಏಣಿಯಲ್ಲಿ ಎಂದೂ ಮೋಸವಾಗಿಲ್ಲ. ಇದನ್ನು ನಾನು ಎದೆ ತಟ್ಟಿ ಹೇಳುತ್ತೇನೆ. ಬೇರೆ ಮಹಡಿಗಳಲ್ಲಿ ಮುಖ್ಯ ನರ್ಸಿಗೆ ಬೇಕಾದವಳಿಗೆ ಒಳ್ಳೆಯ ಅಂಕಿ ಬೀಳುತ್ತದೆ ಎಂಬ ಮಾತಿತ್ತು. ನಾನು ಸ್ಕೇಲು ಇಟ್ಟು ಗೆರೆ ಎಳೆಯುತ್ತಿದ್ದೆ. ಎಲ್ಲರ ಎದುರಿಗೇ ಅಂಕಿ ಮುಚ್ಚುತ್ತಿದ್ದೆ. ಇಡೀ ಕಟ್ಟಡದಲ್ಲಿ ಏಳನೆಯ ಮಹಡಿಯಷ್ಟು ನ್ಯಾಯವಾದ ಏಣಿ ಇನ್ನೊಂದಿರಲಿಲ್ಲ. ಆ ಬಗ್ಗೆ ನನಗೆ ಹೆಮ್ಮೆಯಿದೆ. ಇತ್ತು.

ನಾನೂ ಸರದಿ ಕಾದವಳೇ. ಆಗಿನ ಮುಖ್ಯ ನರ್ಸ್ ಬರೆದ ಏಣಿಯಲ್ಲಿ ನನಗೆ ನಾಲ್ಕು ಬಂತು. ನನ್ನ ಅತ್ತೆಗೆ ಏಣಿಯ ವಿಷಯ ಹೇಗೆ ಹೇಳುವುದು? ಅವರು ಪಾಪ, ಸೊಸೆಗೆ ಮಕ್ಕಳಾಗಲಿಲ್ಲವೆಂದು ಊರಿನ ಪ್ರಸಿದ್ಧ ನಾಟಿವೈದ್ಯರ ಹತ್ತಿರ ಹೋಗಿ, ಗರ್ಭ ನಿಲ್ಲುವ ಕಷಾಯ ಮಾಡಿಸಿ ತಂದರು. ಕಂದುಬಣ್ಣದ ಕಷಾಯ, ಒಂದೊಂದು ಹೊತ್ತಿಗೆ ಒಂದೊಂದು ಪೊಟ್ಟಣ. ನಾನು ಬೆಳಗ್ಗೆ ಅವರೆದುರು ಮೂಗು ಹಿಡಿದುಕೊಂಡು ಕಷಾಯ ಕುಡಿಯುತ್ತಿದ್ದೆ, ರಾತ್ರಿ ಬಾಗಿಲು ಹಾಕಿಕೊಂಡು ಗರ್ಭ ತಡೆಯುವ ಮಾತ್ರೆ ನುಂಗುತ್ತಿದ್ದೆ. ಎರಡೂ ಒಂದೇ ಹೊಟ್ಟೆಯೊಳಗೆ. ಒಂದು ಬಾ ಎನ್ನುತ್ತದೆ, ಇನ್ನೊಂದು ಬರಬೇಡ ಎನ್ನುತ್ತದೆ. ನಗಿ, ನಗಿ. ನಾವೂ ಆಗ ಬಟ್ಟೆ ಬದಲಿಸುವ ಕೋಣೆಯಲ್ಲಿ ಇದನ್ನೇ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದೆವು.

ಮೊದಲನೆಯವಳಿಗೆ ಬೇಗ ಆಯಿತು. ಎರಡನೆಯವಳಿಗೆ ಒಂದು ಸಲ ನಿಲ್ಲಲಿಲ್ಲ, ಎರಡನೆಯ ಸಲ ನಿಂತಿತು, ಅಷ್ಟರಲ್ಲಿ ಎರಡು ವರ್ಷ. ಹೀಗೆ ನನ್ನ ಸರದಿ ಬರುವ ಹೊತ್ತಿಗೆ ನಾನು ಮೂವತ್ತೆಂಟಕ್ಕೆ ಬಂದಿದ್ದೆ. ಸರದಿಯನ್ನು ಒಂದು ವರ್ಷ ಇಟ್ಟುಕೊಂಡೆ. ಆಗಲಿಲ್ಲ. ಇನ್ನೊಂದು ವರ್ಷ ಇಟ್ಟುಕೋ ಎಂದು ಎಲ್ಲರೂ ಹೇಳಿದರು, ಒಳ್ಳೆಯ ಹುಡುಗಿಯರು. ಆದರೆ ಹಿಂದೆ ಕಾಯುವವರಿದ್ದರಲ್ಲ. ಬಿಟ್ಟುಕೊಟ್ಟೆ. ಅತ್ತೆ ಮಾತ್ರ ಸಾಯುವವರೆಗೂ ಆ ನಾಟಿವೈದ್ಯನನ್ನು ಬೈದರು. "ನನ್ನ ಸೊಸೆಗೆ ಯಾವುದೋ ಹಾಳು ಬೇರು ಕೊಟ್ಟ" ಎನ್ನುತ್ತಿದ್ದರು. ನಿರಪರಾಧಿ ಮನುಷ್ಯ. ನಾನು ಒಂದು ದಿನವೂ ಅವನ ಪರವಾಗಿ ಬಾಯಿ ಬಿಡಲಿಲ್ಲ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ? ಇದು ಭಾಷಣದಲ್ಲಿರಲಿಲ್ಲ. ವಿಷಯಕ್ಕೆ ಬರುತ್ತೇನೆ.

ವಿಷಯ ದಾಸೊಮ್. ಅವಳು ನನ್ನ ವಾರ್ಡಿಗೆ ಬಂದು ಏಳು ವರ್ಷವಾಯಿತು. ರಕ್ತನಾಳ ಸಿಗದ ಮುದುಕರೆಲ್ಲ "ಆ ದುಂಡು ಮುಖದವಳನ್ನ ಕರೀರಿ" ಎನ್ನುತ್ತಾರಲ್ಲ, ಅವಳೇ. ಹೋದ ಡಿಸೆಂಬರಿನ ಏಣಿಯಲ್ಲಿ ಈ ವರ್ಷದ ಸರದಿ ಹೇಜಿನ್‌ಗೆ ಬಂದಿತ್ತು, ಮುಂದಿನ ವರ್ಷದ್ದು ದಾಸೊಮ್‌ಗೆ. ಹೇಜಿನ್ ಇನ್ನೂ ಬಸಿರಾಗುವ ಮುಂಚೆಯೇ ದಾಸೊಮ್‌ಗೆ ನಿಂತುಬಿಟ್ಟಿತು. ಮಾತ್ರೆ ತಪ್ಪಿತೋ, ದೇವರಿಗೆ ನಮ್ಮ ಏಣಿ ಓದಲು ಬರಲಿಲ್ಲವೋ. ನಿಂತಿತು. ಸರದಿ ಮುರಿಯಿತು.

ಅವಳು ಮುಚ್ಚಿಟ್ಟಳು. ದೊಡ್ಡ ಅಳತೆಯ ಸಮವಸ್ತ್ರ ಕೇಳಿ ಪಡೆದಳು. ಬಟ್ಟೆ ಒಗೆಯಲು ಹಾಕುವ ಕೋಣೆಗೆ ಹೋಗಿ ವಾಂತಿ ಮಾಡಿಕೊಂಡು, ಬಾಯಿ ಮುಕ್ಕಳಿಸಿ, ಅದೇ ನಗುಮುಖದಲ್ಲಿ ಮುಂದಿನ ಹಾಸಿಗೆಗೆ ಹೋಗುತ್ತಿದ್ದಳು. ನಮ್ಮ ಸುರಂಗ ರೈಲಿನಲ್ಲಿ ಬಸುರಿಯರು ಚೀಲಕ್ಕೆ ಗುಲಾಬಿ ಬಿಲ್ಲೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಯಾರಾದರೂ ಎದ್ದು ಜಾಗ ಕೊಡಲಿ ಎಂದು? ಅವಳು ರೈಲಿನಲ್ಲಿ ಆ ಬಿಲ್ಲೆ ಹಾಕಿಕೊಳ್ಳುತ್ತಿದ್ದಳಂತೆ. ಆಸ್ಪತ್ರೆಯ ನಿಲ್ದಾಣ ಬಂದ ಕೂಡಲೇ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದಳಂತೆ. ಗುರುತಿಲ್ಲದ ಜನರ ಎದುರು ಬಸುರಿ. ವೈದ್ಯರು, ನರ್ಸುಗಳು, ದೇಹವನ್ನು ಓದಿಕೊಂಡವರು ತುಂಬಿರುವ ಈ ಕಟ್ಟಡದಲ್ಲಿ ಮಾತ್ರ ಬಸುರಿಯಲ್ಲ. ನಾಚಿಕೆಯಾಗಬೇಕಾದದ್ದು ಯಾರಿಗೆ?

ಹೊಟ್ಟೆ ಎಷ್ಟು ದಿನ ಮುಚ್ಚಿಕೊಂಡೀತು? ಒಂದು ದಿನ ಗೊತ್ತಾಯಿತು. ವಿಶ್ರಾಂತಿ ಕೋಣೆಯಲ್ಲಿ ಹೇಜಿನ್ ಎಲ್ಲರೆದುರು ಕೇಳಿದಳು: "ಅಕ್ಕಾ, ನಾನು ಎರಡು ವರ್ಷದಿಂದ ಮಾತ್ರೆ ನುಂಗ್ಕೊಂಡು ಕೂತಿದ್ದು ನಿಮಗೆ ಜಾಗ ಮಾಡಿಕೊಡೋದಕ್ಕಾ? ಈಗ ನಾನೂ ಬಸಿರಾದ್ರೆ ವಾರ್ಡ್ ಯಾರು ನೋಡ್ಕೋತಾರೆ, ನಿಮ್ಮ ಯಜಮಾನ್ರು ಬರ್ತಾರಾ ರಾತ್ರಿ ಪಾಳಿಗೆ?"

ದಾಸೊಮ್ ತಲೆ ತಗ್ಗಿಸಿ, "ತಪ್ಪಾಯ್ತು ಹೇಜಿನ್, ನಿಂಗೆ ಅನ್ಯಾಯ ಮಾಡ್ಬಿಟ್ಟೆ" ಎಂದಳು. ಮರುದಿನದಿಂದ ಅವಳ ಜೊತೆ ಯಾರೂ ಊಟಕ್ಕೆ ಕೂರಲಿಲ್ಲ. ನಂಜಿಕೊಳ್ಳುವ ಕಿಮ್ಚಿಯ ತಟ್ಟೆಯನ್ನು ಸಹ ಅವಳ ಕಡೆ ಸರಿಸಲಿಲ್ಲ.

ಹೇಜಿನ್ ಕೆಟ್ಟವಳೇ? ಅಲ್ಲ. ಅವಳೂ ಮದುವೆಯಾಗಿ ಕಾದವಳು. ಅವಳ ಸಿಟ್ಟು ಸುಳ್ಳಲ್ಲ. ಆದರೆ ಸಿಟ್ಟು ಇಳಿದದ್ದು ಯಾರ ಮೇಲೆ? ಪಕ್ಕದ ಬಸುರಿಯ ಮೇಲೆ. ಈ ವೇದಿಕೆಯ ತನಕ ಆ ಸಿಟ್ಟು ಒಂದು ದಿನವೂ ಹತ್ತಿ ಬರಲಿಲ್ಲ. ನಾವು ನಾವೇ ಕಿತ್ತಾಡಿಕೊಳ್ಳುತ್ತಿರುವ ತನಕ ಮೇಲಿನವರು ಆರಾಮಾಗಿ ಪಿಯಾನೋ ಕೇಳಬಹುದು.

ಕಳೆದ ತಿಂಗಳು ದಾಸೊಮ್ ರಾಜೀನಾಮೆಯ ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮೇಜಿನ ಮುಂದೆ ಬಂದು ನಿಂತಳು. ನಾನು ಅದನ್ನು ತೆಗೆದುಕೊಂಡು ಶ್ರೀಮತಿ ಹಾಮ್ ಅವರ ಕೋಣೆಗೆ ಹೋದೆ. ಅವಳ ಬದಲಿಗೆ ತಾತ್ಕಾಲಿಕವಾಗಿ ಒಬ್ಬಳನ್ನು ಕೊಡಿ, ರಜೆ ಮುಗಿಸಿ ಅವಳು ವಾಪಸು ಬರುತ್ತಾಳೆ ಎಂದೆ. ಹಾಮ್ ಅವರೇ, ನಿಮಗೆ ನೆನಪಿದೆಯಲ್ಲ? ನೀವು ನನಗೆ ಚಹಾ ಕೊಟ್ಟಿರಿ, ಆಮೇಲೆ ಹೇಳಿದಿರಿ: "ಓಕ್‌ಹೀ ಅವರೇ, ಅವಳಾಗಿಯೇ ಬಿಡ್ತೀನಿ ಅಂತಿದ್ದಾಳಲ್ಲ, ನೀವ್ಯಾಕೆ ತಲೆ ಕೆಡಿಸ್ಕೋತೀರಿ? ಅವಳು ಬಿಟ್ರೆ ಜಾಗ ಖಾಲಿ ಆಗುತ್ತೆ. ಕಾಯ್ತಿರೋ ಹುಡುಗೀರಲ್ಲಿ ಒಬ್ಬಳನ್ನ ನಾಳೇನೇ ಕರೀಬಹುದು. ಮುಂದಿನ ಹೆಸರು ಯಾರೋ ಬೋರಮ್ ಅಂತೆ. ಎಲ್ಲರಿಗೂ ಒಳ್ಳೇದೇ ಅಲ್ವಾ?"

ಎಲ್ಲರಿಗೂ ಒಳ್ಳೆಯದು! ಸಭಿಕರೇ, ಈ ಒಳ್ಳೆಯತನದ ರೀತಿ ನೋಡಿ. ಒಬ್ಬಳ ಹೊಟ್ಟೆ ತುಂಬಬೇಕಾದರೆ ಇನ್ನೊಬ್ಬಳ ಹೊಟ್ಟೆಯ ಮೇಲೆ ಹೊಡೆಯಬೇಕು. ಅದೂ ಎಂಥ ಹೊಟ್ಟೆಯ ಮೇಲೆ! ಇಬ್ಬರಿಗೂ ಇಲ್ಲಿ ಕೆಲಸವಿದೆ. ಇನ್ನೂ ಹತ್ತು ಜನ ಬಂದರೂ ಕೆಲಸವಿದೆ. ಇಲ್ಲದಿರುವುದು ಮನಸ್ಸು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ಯಾರೆಂದು ನನಗೆ ಆ ಚಹಾ ಕುಡಿಯುವಾಗ ಗೊತ್ತಾಯಿತು.

ಆ ದಿನ ನಾನು ಅಂಗಡಿಗೆ ಹೋಗಿ ಬೋರಮ್‌ಗೆ, "ನಿನಗೆ ಫೋನ್ ಬರಬಹುದು ಕಣೇ" ಎಂದೆ. ಕುಣಿದಾಡುತ್ತಾಳೆಂದುಕೊಂಡಿದ್ದೆ. ಅವಳು ಮೊದಲು ಕೇಳಿದ್ದೇ, "ಯಾರು ಬಿಟ್ರು ಮೇಡಂ?"

ಕಾಯುವವರಿಗೆಲ್ಲ ಗೊತ್ತು, ಯಾರಾದರೂ ಬಿಡದೆ ಫೋನ್ ಬರುವುದಿಲ್ಲ. ಒಳಗಿನವರು ಯಾರಾದರೂ ಸೋಲಲಿ ಎಂದು ಕೋರಿಕೊಳ್ಳುವುದೇ ಅವರ ಕಾಯುವಿಕೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬಸುರಿ ಹುಡುಗಿ, ಬಿಡಿಸುತ್ತಿದ್ದಾರೆ ಎಂದೆ.

ಅವಳು ಹಾಲಿನ ಪೊಟ್ಟಣಗಳನ್ನೆಲ್ಲ ಸಾಲಾಗಿ ಜೋಡಿಸಿ ಮುಗಿಸಿದಳು. ಆಮೇಲೆ ಹೇಳಿದಳು: "ಎತ್ತಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ ಮೇಡಂ. ಎತ್ತೇ ಎತ್ತೀನಿ. ನಮ್ಮಮ್ಮ ಊರಲ್ಲಿ ನಾನು ಆಗಲೇ ಕೆಲಸಕ್ಕೆ ಸೇರಿದೀನಿ ಅಂತ ಹೇಳ್ಕೊಂಡು ತಿರುಗ್ತಿದ್ದಾಳೆ. ನೀವು ಇದನ್ನ ನಂಗೆ ಹೇಳದೇ ಇದ್ದಿದ್ರೆ ಚೆನ್ನಾಗಿತ್ತು."

ನಿರ್ದೇಶಕರೇ, ಆ ಮಾತಿಗೆ ಉತ್ತರ ನಿಮ್ಮ ಹತ್ತಿರ ಇದೆಯೇ? ಈ ವೃತ್ತಿಗೆ ಬರುವ ದಿನ ಮೇಣದಬತ್ತಿ ಹಿಡಿಸಿ, ಪರರ ಪ್ರಾಣ ಕಾಯುತ್ತೇವೆ ಎಂದು ಪ್ರಮಾಣ ಮಾಡಿಸಿದಿರಿ. ಇನ್ನೂ ಒಳಗೆ ಕಾಲಿಡುವ ಮೊದಲೇ ಬೋರಮ್ ಕೈಯಲ್ಲಿ ಒಬ್ಬ ಬಸುರಿಯ ಅನ್ನ ಕಸಿಯುವ ಕೆಲಸ ಮಾಡಿಸುತ್ತಿದ್ದೀರಿ. ಕೆಲಸದ ಕಾಲ ಚೆನ್ನಾಗಿದೆ ಎಂದಿರಲ್ಲ, ಯಾರಿಗೆ ಚೆನ್ನಾಗಿದೆ? ಹೊರಗೆ ಕಾಯುವವಳಿಗೆ ಚೆನ್ನಾಗಿದೆಯೇ? ಒಳಗೆ ಬೇಯುವವಳಿಗೆ ಚೆನ್ನಾಗಿದೆಯೇ? ಬಾಟಲಿ ತಾನೇ ಬದಲಿಸಿಕೊಳ್ಳುತ್ತೇನೆಂದ ಅಜ್ಜಿಗೆ ಚೆನ್ನಾಗಿದೆಯೇ?

ಆ ರಾಜೀನಾಮೆಗೆ ಮುಖ್ಯ ನರ್ಸಿನ ಮುದ್ರೆ ಬೀಳಬೇಕು. ಮುದ್ರೆ ನನ್ನ ಕೈಚೀಲದಲ್ಲಿದೆ. ಒತ್ತಿಲ್ಲ. ಒತ್ತುವುದಿಲ್ಲ. ಇವತ್ತು ಸಂಜೆಯ ನಂತರ ನನ್ನ ಮುದ್ರೆಗೆ ಬೆಲೆಯಿಲ್ಲ, ಗೊತ್ತು. ಸಂಜೆಯ ತನಕ ಇದೆಯಲ್ಲ. ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೇನೆ ಎಂದು ಆ ಹುಡುಗಿ ಬರೆದಿದ್ದಾಳೆ. ಅದು ಅವಳ ಇಚ್ಛೆಯಲ್ಲ ಎಂದು ನಾನು, ಅವಳ ಮೇಲಧಿಕಾರಿ, ಈ ಇಡೀ ಸಭೆಯ ಎದುರು ಸಾಕ್ಷಿ ಹೇಳುತ್ತಿದ್ದೇನೆ. ಇನ್ನು ಮುಂದೆ ಅವಳನ್ನು ಬಿಡಿಸಬೇಕಾದರೆ ನಿಮ್ಮ ಹೆಸರು ಹಾಕಿ ಬಿಡಿಸಿ. ಹಾಗೇ, ಇವತ್ತಿನ ಊಟದಲ್ಲಿ ಮುಂದಿನ ವರ್ಷದ ಏಣಿಯನ್ನು ನನ್ನ ಕೈಯಿಂದಲೇ ಬರೆಸಬೇಕೆಂದು ನಮ್ಮ ಹುಡುಗಿಯರು ಪ್ರೀತಿಯಿಂದ ಕೇಳಿದ್ದಾರೆ. ಊಟ ನಾನು ಹಾಕಿಸುತ್ತೇನೆ. ಏಣಿ ಬರೆಯುವುದಿಲ್ಲ. ನೀವೂ ಬರೆಯಬೇಡಿ. ಬಸಿರಾಗಬೇಕೆಂದಾಗ ಬಸಿರಾಗಿ. ವಾರ್ಡ್ ಮಗುಚಿಕೊಂಡರೆ ಮಗುಚಿಕೊಳ್ಳಲಿ. ಎತ್ತಿ ನಿಲ್ಲಿಸುವ ಕೆಲಸಕ್ಕೆ ಸಂಬಳ ಪಡೆಯುವವರು ಈ ವೇದಿಕೆಯ ಮೇಲಿದ್ದಾರೆ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಇಲ್ಲಿಂದ ನನಗೆ ಎಲ್ಲ ಕಾಣಿಸುತ್ತದೆ. ದಾಸೊಮ್ ಬಂದಿದ್ದಾಳೆ. ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಿದ್ದಾಳೆ. ಏಳನೆಯ ಮಹಡಿಯವರ ಸಾಲಿನಲ್ಲಿ ಎರಡು ಕುರ್ಚಿಗಳ ಮೇಲೆ ಕೋಟುಗಳು ಕೂತಿವೆ. ಕೋಟಿಗೆ ಕುರ್ಚಿ, ಐದು ತಿಂಗಳ ಬಸುರಿಗೆ ಗೋಡೆ. ದಾಸೊಮ್, ನೀನು ಮೇಲೆ ಬಾ. ಹೂವು ಕಟ್ಟಿರುವ ಈ ಕುರ್ಚಿ ನನಗೆಂದು ಹಾಕಿದ್ದು, ನಾನು ಹೇಗೂ ನಿಂತಿದ್ದೇನೆ. ಬಾ ಎಂದೆನಲ್ಲ. ಬರಲ್ಲವೆಂದು ಕೈ ಆಡಿಸಬೇಡ, ಬಾ.

ಹೇಜಿನ್, ನೀನೇಕೆ ಎದ್ದೆ? ಹೊರಗೆ ಹೋಗಬೇಕೆನಿಸಿದರೆ ಹೋಗು. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ನಿನಗೂ ಅನ್ಯಾಯವಾಗಿದೆ, ನಾನು ಅದನ್ನು...

ಓ.

ಸರಿ. ಹಾಗೇ ದಾಸೊಮ್ ಕೈ ಹಿಡಿದುಕೊಂಡೇ ಕರೆದುಕೊಂಡು ಬಾ. ಅವಸರ ಬೇಡ, ಕೊನೆಯ ಮೆಟ್ಟಿಲು ಎತ್ತರವಿದೆ. ಹಾಮ್ ಅವರೇ, ಸ್ವಲ್ಪ ದಾರಿ ಬಿಡುತ್ತೀರಾ? ಕೂತುಕೋ ದಾಸೊಮ್. ಬಗ್ಗಿ ನಮಸ್ಕಾರ ಮಾಡಬೇಡ, ಇವತ್ತು ನೀನು ಯಾರಿಗೂ ಬಗ್ಗಬೇಕಾಗಿಲ್ಲ. ಹೇಜಿನ್, ನೀನೂ ಇಲ್ಲೇ ನಿಲ್ಲು. ಅಳಬೇಡಿ ಇಬ್ಬರೂ. ನನ್ನ ಮಾತು ಇನ್ನೂ ಮುಗಿದಿಲ್ಲ.

ಸಭಿಕರೇ, ಇದು ಹೆರಿಗೆ ವಿಭಾಗವಿರುವ ಆಸ್ಪತ್ರೆ. ಮೂರನೆಯ ಮಹಡಿಯಲ್ಲಿ ಬಣ್ಣದ ಬಲೂನು ಕಟ್ಟಿದ್ದೇವೆ. ಬಸುರಿಯೆಂದು ಗೊತ್ತಾದ ಹೆಂಗಸಿಗೆ ಲೋಕದಲ್ಲಿ ಯಾರಾದರೂ ಮೊದಲು ಹೇಳುವ ಮಾತು ಒಂದಿದೆಯಲ್ಲ? ಈ ಹುಡುಗಿಗೆ ಆ ಮಾತನ್ನು ಈ ಕಟ್ಟಡದಲ್ಲಿ ಯಾರಾದರೂ ಹೇಳಿದ್ದೀರಾ? ನಿರ್ದೇಶಕರು ಹೇಳಿದ್ದೀರಾ? ಹಾಮ್ ಅವರು ಹೇಳಿದ್ದೀರಾ? ಇಲ್ಲಿ ನಿಂತು ಇಷ್ಟು ಹೊತ್ತು ನ್ಯಾಯ ಹೇಳಿದ ನಾನು ಹೇಳಿದ್ದೇನೆಯೇ? ಲಕೋಟೆ ಹಿಡಿದು ಬಂದವಳನ್ನು ನಾನು ಮೊದಲು ಕೇಳಿದ್ದು, "ಹೆರಿಗೆ ಯಾವ ತಿಂಗಳಿಗೆ?" ಎಂದು. ಮನಸ್ಸಿನಲ್ಲಿ ಪಾಳಿಗಳನ್ನು ಹಂಚುತ್ತಿದ್ದೆ.

ಇದು ಅಭಿನಂದನಾ ಸಮಾರಂಭ ಎಂದು ಹಿಂದಿನ ಪರದೆಯ ಮೇಲೆ ಅಷ್ಟು ದೊಡ್ಡ ಅಕ್ಷರದಲ್ಲಿ ಬರೆದಿದ್ದೀರಿ. ಸರಿಯಾಗಿಯೇ ಬರೆದಿದ್ದೀರಿ.

ದಾಸೊಮ್, ಸಂತೋಷ ಕಣಮ್ಮ. ನೀನು ತಾಯಿಯಾಗ್ತಿದ್ದೀಯ. ನನಗೆ ತುಂಬಾ ಸಂತೋಷ ಆಯ್ತು.

ಕೊಟ್ಟ ಸಮಯಕ್ಕಿಂತ ಹೆಚ್ಚು ತೆಗೆದುಕೊಂಡಿದ್ದೇನೆ. ನಡುವೆ ಎದ್ದುಹೋಗದೆ ಕೇಳಿದ ಅಧ್ಯಕ್ಷರಿಗೆ, ಗಣ್ಯರಿಗೆ, ನಿಮ್ಮೆಲ್ಲರಿಗೆ ನನ್ನ ವಂದನೆಗಳು. ನಮಸ್ಕಾರ.